ನಮ್ಮ ‘ಜಲ್ದಿ’ ಇಂಗ್ಲಿಷ್ ನಿಘಂಟು ಸೇರಿದ ಕಥೆ



ಒಂದು ದಿನ ಬಿಡುವು ಮಾಡಿಕೊಂಡು ನಮ್ಮ ಭಾಗದ ಜನರ ಮಾತಿಗೆ ಸುಮ್ಮನೆ ಕಿವಿಗೊಟ್ಟು ನೋಡಿ. ಹಾನಗಲ್ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ “ಜಲ್ದಿ ಹತ್ತರಿ, ಹಿಂದ ಜಾಗಾ ಐತಿ” ಎನ್ನುತ್ತಾನೆ. ಶಿಗ್ಗಾವಿಯ ಸಂತೆಯಲ್ಲಿ ಹಳ್ಳಿಯ ಅಜ್ಜಿಯೊಬ್ಬಳು “ಜಲ್ದಿ ತೂಕಾ ಮಾಡಪಾ, ಬಸ್ಸ ಹೊಂಟತಿ” ಎಂದು ತರಕಾರಿಯವನಿಗೆ ಹೇಳುತ್ತಾಳೆ. ಸವಣೂರಿನಲ್ಲಿ ವೀಳ್ಯದೆಲೆ ಕಟ್ಟುವವರು “ಜಲ್ದಿ ಕಟ್ಟರಿ, ಎಲಿ ಬಾಡತಾವ” ಎಂದು ಒಬ್ಬರನ್ನೊಬ್ಬರು ಎಚ್ಚರಿಸುತ್ತಾರೆ. ಹಿರೇಕೆರೂರಿನ ಗೋವಿನಜೋಳದ ಕಣದಲ್ಲಿ ಮೋಡ ಕವಿದರೆ ಸಾಕು, “ಜಲ್ದಿ ರಾಶಿ ಮುಚ್ಚರಿ, ಮಳಿ ಬಂತು” ಎಂಬ ಕೂಗು ಏಳುತ್ತದೆ. ಮನೆಗೆ ಬಂದರೆ ಅಮ್ಮಿ “ಜಲ್ದಿ ಆ ಬೇಟಾ” ಎಂದು ಊಟಕ್ಕೆ ಕರೆಯುತ್ತಾಳೆ. ಪಕ್ಕದ ಮನೆಯ ಅವ್ವನೂ ಅದೇ ಹೊತ್ತಿಗೆ “ಜಲ್ದಿ ಬಾರೋ, ರೊಟ್ಟಿ ಆರತಾವ” ಎನ್ನುತ್ತಾಳೆ.

ಮಾತು ಬೇರೆ, ಮನೆ ಬೇರೆ. ‘ಜಲ್ದಿ’ ಮಾತ್ರ ಒಂದೇ. ಇಷ್ಟು ಬಳಕೆಯ ಪದವೊಂದು ಸಾವಿರಾರು ಮೈಲಿ ಆಚೆಯ ಇಂಗ್ಲಿಷ್ ಭಾಷೆಯ ದೊಡ್ಡ ನಿಘಂಟಿನಲ್ಲೂ ಕುಳಿತಿದೆ ಎಂದರೆ ನೀವು ನಂಬುವಿರಾ? ನಾನೂ ಮೊದಲು ನಂಬಿರಲಿಲ್ಲ.

ನಾನು ಓದುವಾಗ ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ನಮ್ಮ ತಾಲ್ಲೂಕುಗಳೆಲ್ಲ ಧಾರವಾಡ ಜಿಲ್ಲೆಗೆ ಸೇರಿದ್ದವು. ಒಮ್ಮೆ ಕನ್ನಡ ಪ್ರಬಂಧದಲ್ಲಿ ‘ಜಲ್ದಿ’ ಎಂದು ಬರೆದಿದ್ದೆ. ಗುರುಗಳು ಅದರ ಸುತ್ತ ಕೆಂಪು ಶಾಯಿಯಿಂದ ಗುಂಡು ಸುತ್ತಿ, ‘ಇದು ಕನ್ನಡವಲ್ಲ’ ಎಂದು ಬರೆದರು. ರಜೆಯಲ್ಲಿ ಹೈದರಾಬಾದಿನಿಂದ ಬಂದ ನೆಂಟರೊಬ್ಬರು ನನ್ನ ಉರ್ದು ಕೇಳಿ, “ನಿಮ್ಮದು ಉರ್ದುವೇ ಅಲ್ಲ, ಕನ್ನಡದ ಕಲಬೆರಕೆ” ಎಂದು ನಕ್ಕರು. ಕನ್ನಡದಲ್ಲೂ ಕಡಿಮೆ, ಉರ್ದುವಿನಲ್ಲೂ ಕಡಿಮೆ, ಇಂಗ್ಲಿಷಿನಲ್ಲಂತೂ ಕೇಳುವುದೇ ಬೇಡ ಎಂಬ ಅಳುಕು ಆಗ ಮನಸ್ಸಿನಲ್ಲಿ ಬೇರೂರಿತು. ಈ ಅಳುಕು ಇಂದಿಗೂ ನಮ್ಮ ಎಷ್ಟೋ ಮಕ್ಕಳಲ್ಲಿದೆ. ಮುಂದೆ ಕಾಲೇಜಿನ ಗ್ರಂಥಾಲಯದಲ್ಲಿ ಬೇರಾವುದೋ ಪದ ಹುಡುಕುತ್ತಿದ್ದಾಗ, ಇಂಗ್ಲಿಷ್ ನಿಘಂಟಿನಲ್ಲಿ ಜೆ ಅಕ್ಷರದ ಕೆಳಗೆ ‘ಜಿಲ್ಡಿ’ ಎಂಬ ಪದ ಕಣ್ಣಿಗೆ ಬಿತ್ತು. ಅರ್ಥ: ಬೇಗ, ತ್ವರೆಯಾಗಿ. ಮೂಲ: ಹಿಂದಿ, ಉರ್ದು ಭಾಷೆಗಳ ‘ಜಲ್ದಿ’. ನನ್ನ ಪ್ರಬಂಧದಲ್ಲಿ ಕೆಂಪು ಗುಂಡು ಸುತ್ತಿಸಿಕೊಂಡ ಪದವೇ ಅದು!

ಅಂದಿನಿಂದ ಈ ಪದದ ಬೆನ್ನು ಹತ್ತಿದೆ. ಅದು ಹೇಳಿದ ಕಥೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಪದದ ಅರ್ಥ ಮತ್ತು ರೂಪ

ಇಂಗ್ಲಿಷಿನಲ್ಲಿ ‘ಜಿಲ್ಡಿ’ ಅಪರೂಪದ ಪದ. ಶಾಲೆಯ ಚಿಕ್ಕ ನಿಘಂಟುಗಳಲ್ಲಿ ಅದು ಸಿಗುವುದಿಲ್ಲ. ದೊಡ್ಡ ನಿಘಂಟುಗಳು ಅದನ್ನು ಸೈನಿಕರ ಆಡುಮಾತು ಎಂದು ಗುರುತಿಸುತ್ತವೆ. ಅದು ಎರಡು ರೀತಿಯಲ್ಲಿ ಬಳಕೆಯಾಗಿದೆ. ನಾಮಪದವಾಗಿ ಅದಕ್ಕೆ ‘ಅವಸರ, ಚುರುಕು’ ಎಂಬ ಅರ್ಥ. ಕ್ರಿಯಾವಿಶೇಷಣವಾಗಿ ‘ಬೇಗನೆ’ ಎಂಬ ಅರ್ಥ. ಇಂಗ್ಲಿಷಿನ ಬಹುಪಾಲು ಕ್ರಿಯಾವಿಶೇಷಣಗಳ ಕೊನೆಗೆ ‘ಲಿ’ ಎಂಬ ಪ್ರತ್ಯಯ ಬರುತ್ತದೆ ಎಂದು ನೀವು ವ್ಯಾಕರಣದಲ್ಲಿ ಕಲಿತಿದ್ದೀರಿ. ಕ್ವಿಕ್ ಎಂಬುದು ಕ್ವಿಕ್ಲಿ ಆಗುತ್ತದೆ, ಸ್ಲೋ ಎಂಬುದು ಸ್ಲೋಲಿ ಆಗುತ್ತದೆ. ‘ಜಿಲ್ಡಿ’ಯ ಕೊನೆಯ ‘ಇ’ಕಾರ ಆ ಜಾತಿಯದಲ್ಲ.

ಅದು ಫಾರಸಿಯಿಂದ ಬಂದ ‘ಇ’ಕಾರ. ಫಾರಸಿಯಲ್ಲಿ ‘ಜಲ್ದ್’ ಎಂದರೆ ಚುರುಕಾದ, ಶೀಘ್ರವಾದ. ಗುಣವನ್ನು ಹೇಳುವ ಪದಕ್ಕೆ ‘ಈ’ ಸೇರಿಸಿದರೆ ಆ ಗುಣದ ಹೆಸರು ಸಿಗುತ್ತದೆ. ದೋಸ್ತ್ ಎಂದರೆ ಗೆಳೆಯ, ದೋಸ್ತಿ ಎಂದರೆ ಗೆಳೆತನ. ಖುಷ್ ಎಂದರೆ ಸಂತೋಷಗೊಂಡ, ಖುಷಿ ಎಂದರೆ ಸಂತೋಷ. ನೌಕರ ಎಂದರೆ ಕೆಲಸಗಾರ, ನೌಕರಿ ಎಂದರೆ ಅವನ ಕೆಲಸ. ಅದೇ ರೀತಿ ಜಲ್ದ್ ಎಂಬುದರಿಂದ ಜಲ್ದಿ, ಅಂದರೆ ಚುರುಕುತನ. ಈ ಹೆಸರುಪದವೇ ಉರ್ದುವಿನಲ್ಲಿ ‘ಬೇಗನೆ’ ಎಂಬ ಅರ್ಥದಲ್ಲಿ ನೇರವಾಗಿ ಬಳಕೆಗೆ ಬಂದಿತು. ಕನ್ನಡಕ್ಕೂ ಹಾಗೆಯೇ ಬಂದಿತು. ನಾವು ‘ಜಲ್ದಿಯಾಗಿ ಬಾ’ ಎನ್ನುವುದಿಲ್ಲ, ‘ಜಲ್ದಿ ಬಾ’ ಎನ್ನುತ್ತೇವೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಉರ್ದು ಓದಿದ ವಿದ್ಯಾರ್ಥಿಗಳಿಗೆ ‘ಜಿಲ್ದ್’ ಎಂಬ ಪದ ಗೊತ್ತು. ಅರಬ್ಬಿಯಲ್ಲಿ ಅದಕ್ಕೆ ಚರ್ಮ ಎಂದರ್ಥ; ಪುಸ್ತಕಕ್ಕೆ ಚರ್ಮದ ಹೊದಿಕೆ ಹಾಕುತ್ತಿದ್ದುದರಿಂದ ಪುಸ್ತಕದ ಕಟ್ಟಿಗೂ, ಸಂಪುಟಕ್ಕೂ ಜಿಲ್ದ್ ಎಂಬ ಹೆಸರು ಬಂದಿತು. ಇಂಗ್ಲಿಷಿನ ‘ಜಿಲ್ಡಿ’ಯನ್ನು ನೋಡಿದೊಡನೆ ಅದು ‘ಜಿಲ್ದ್’ನಿಂದ ಬಂದಿರಬೇಕು ಎಂದು ಯಾರಾದರೂ ಹೇಳಬಹುದು. ಧ್ವನಿ ಒಂದೇ ಎಂದಮಾತ್ರಕ್ಕೆ ಮೂಲ ಒಂದೇ ಆಗುವುದಿಲ್ಲ. ಅರ್ಥ ಕೂಡಬೇಕು, ಪದ ನಡೆದು ಬಂದ ದಾರಿ ಕಾಣಬೇಕು, ಹಳೆಯ ಕಾಗುಣಿತಗಳು ಸಾಕ್ಷಿ ನುಡಿಯಬೇಕು. ಈ ಪದವನ್ನು ಇಂಗ್ಲಿಷರು ಮೊದಲು ಬರೆದಾಗ ‘ಜೆ’ಯ ಮುಂದೆ ‘ಐ’ ಹಾಕಲಿಲ್ಲ, ‘ಯು’ ಹಾಕಿದರು. ‘ಪಂಜಾಬ್’ ಎಂದು ಬರೆಯುವಾಗ ‘ಪ’ಕಾರಕ್ಕೆ ಅವರು ‘ಯು’ ಹಾಕಿದ್ದಾರಲ್ಲ, ಹಾಗೆ. ಅಂದರೆ ಅವರ ಕಿವಿಗೆ ಬಿದ್ದದ್ದು ‘ಜಲ್ದಿ’ಯೇ. ಮುಂದೆ ಸಿಪಾಯಿಗಳ ನಾಲಿಗೆಯ ಮೇಲೆ ಅದು ‘ಜೆಲ್ಡಿ’ ಆಯಿತು, ‘ಜಿಲ್ಡಿ’ ಆಯಿತು. ಅವರ ನುಡಿಯಲ್ಲಿ ನಮ್ಮ ದಕಾರ ಇಲ್ಲದ ಕಾರಣ ಡಕಾರ ಬಂದು ಕುಳಿತಿತು.

ನಮ್ಮ ನಾಡಿಗೆ ಬಂದ ದಾರಿ

ಫಾರಸಿ ಪದವೊಂದು ಹಾನಗಲ್ ಬಸ್ ನಿಲ್ದಾಣಕ್ಕೆ ಹೇಗೆ ಬಂದಿತು? ಇದಕ್ಕೆ ಉತ್ತರ ನಮ್ಮ ಕಾಲಡಿಯ ಇತಿಹಾಸದಲ್ಲಿದೆ.

1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದಾಗ ದಖ್ಖನದಲ್ಲಿ ಫಾರಸಿ ಆಸ್ಥಾನದ ಭಾಷೆಯಾಯಿತು. ಬಹಮನಿ ರಾಜ್ಯ ಒಡೆದು ಬಿಜಾಪುರದ ಆದಿಲ್‌ಶಾಹಿ ತಲೆಯೆತ್ತಿತು. ವಿಜಯನಗರದ ಸೋಲಿನ ನಂತರ, 1570ರ ದಶಕದಲ್ಲಿ, ಇಂದಿನ ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆ ಅಲಿ ಆದಿಲ್‌ಶಾಹನ ಕೈಸೇರಿತು. ಆಸ್ಥಾನದಲ್ಲಿ ಫಾರಸಿ ಇದ್ದರೂ ಸೈನಿಕರು, ವ್ಯಾಪಾರಿಗಳು, ಕುಶಲಕರ್ಮಿಗಳು ಆಡುತ್ತಿದ್ದುದು ದಖನಿ. ಇಂದು ನಮ್ಮ ಮನೆಗಳಲ್ಲಿ ಆಡುವ ಮಾತಿನ ಅಜ್ಜಿ ಅದೇ. ಈ ದಖನಿ ಎಂಬ ಸೇತುವೆಯ ಮೇಲೆ ಎಷ್ಟೋ ಫಾರಸಿ, ಅರಬ್ಬಿ ಪದಗಳು ಕನ್ನಡದ ದಂಡೆಗೆ ದಾಟಿದವು.

1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದ ಮೇಲೆ, ಬಿಜಾಪುರದ ಸರದಾರನಾಗಿದ್ದ ಅಬ್ದುಲ್ ರೌಫ್ ಖಾನನ ಮನೆತನ ಈ ಭಾಗದಲ್ಲಿ ನೆಲೆಯೂರಿತು. ಮೊದಲು ಬಂಕಾಪುರ, ನಂತರ ಸವಣೂರು ಅವರ ರಾಜಧಾನಿಯಾಯಿತು. ಈ ಪಠಾಣ ನವಾಬರ ಆಳ್ವಿಕೆಯ ಕಥೆಯಲ್ಲಿ 1756ರ ಮುತ್ತಿಗೆಯನ್ನು ವಿಶೇಷವಾಗಿ ನೆನೆಯಬೇಕು. ಆ ವರ್ಷ ಪೇಶ್ವೆ ಬಾಳಾಜಿ ಬಾಜೀರಾಯ ಸವಣೂರನ್ನು ಮುತ್ತಿದ. ಅವನ ನೆರವಿಗೆ ಹೈದರಾಬಾದಿನ ಸಲಾಬತ್ ಜಂಗನ ಸೇನೆ ಬಂದಿತ್ತು, ಜೊತೆಗೆ ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳಿದ್ದವು. ನವಾಬನ ಪಕ್ಷದಲ್ಲಿ ಗುತ್ತಿಯ ಮರಾಠಾ ವೀರ ಮುರಾರಿರಾವ್ ಘೋರ್ಪಡೆ ನಿಂತಿದ್ದ. ಎರಡೂ ಕಡೆ ಹಿಂದೂಗಳು, ಎರಡೂ ಕಡೆ ಮುಸಲ್ಮಾನರು. ಇಂಥ ದಂಡುಗಳಲ್ಲಿ ಮರಾಠಿ, ದಖನಿ, ಕನ್ನಡ, ತೆಲುಗು, ಫ್ರೆಂಚ್ ಎಲ್ಲವೂ ಒಂದೇ ಬಯಲಿನಲ್ಲಿ ಸೇರುತ್ತಿದ್ದವು. ನೀರು, ಹುಲ್ಲು, ಮದ್ದು, ಗುಂಡು ತರಿಸಬೇಕಾದಾಗ ಎಲ್ಲರಿಗೂ ತಿಳಿಯುವ ಸಣ್ಣ ಪದಗಳೇ ಬೇಕಾಗುತ್ತವೆ. ‘ಜಲ್ದಿ’ಯಂಥ ಪದಗಳು ಊರೂರು ಹಬ್ಬಲು ದಂಡು, ಸಂತೆ, ಕಚೇರಿ ಈ ಮೂರೂ ದಾರಿ ಮಾಡಿಕೊಟ್ಟವು.

ಮರಾಠರ ಆಡಳಿತವೂ ಈ ಪದಗಳನ್ನು ತಡೆಯಲಿಲ್ಲ. ಶಿವಾಜಿ ಮಹಾರಾಜರು ಆಡಳಿತದಲ್ಲಿದ್ದ ಫಾರಸಿ ಪದಗಳಿಗೆ ಸಂಸ್ಕೃತ ಪದಗಳನ್ನು ಸೂಚಿಸುವ ‘ರಾಜ್ಯವ್ಯವಹಾರಕೋಶ’ ಎಂಬ ಗ್ರಂಥವನ್ನು ಸಿದ್ಧಪಡಿಸಿಸಿದ್ದರು. ಆದರೂ ಪೇಶ್ವೆಯವರ ಕಾಲದ ಮರಾಠಿ ಕಾಗದಪತ್ರಗಳಲ್ಲಿ ಫಾರಸಿ ಪದಗಳು ತುಂಬಿಯೇ ಇದ್ದವು. ಜನರ ನಾಲಿಗೆ ಆಜ್ಞೆಯಿಂದ ಬದಲಾಗುವುದಿಲ್ಲ. 1818ರಲ್ಲಿ ಪೇಶ್ವೆಯ ಪತನದೊಂದಿಗೆ ಧಾರವಾಡ ಪ್ರಾಂತ ಇಂಗ್ಲಿಷರ ವಶವಾದಾಗ ಅವರು ಕೂಡ ಅದೇ ಕಚೇರಿಯ ಪದಗಳನ್ನು ಮುಂದುವರಿಸಿದರು.

ಈಗಲೂ ನಮ್ಮ ಸರಕಾರಿ ಪತ್ರ ಬಿಡಿಸಿ ನೋಡಿ. ‘ತಹಶೀಲ್ದಾರರ ಕಚೇರಿಗೆ ಖುದ್ದಾಗಿ ಹಾಜರಾಗತಕ್ಕದ್ದು’ ಎಂದಿರುತ್ತದೆ. ‘ಖುದ್’ ಎಂದರೆ ಫಾರಸಿಯಲ್ಲಿ ತಾನು, ಸ್ವತಃ. ‘ಹಾಜರು’ ಅರಬ್ಬಿಯದು. ತಹಶೀಲು ಎಂಬ ಅರಬ್ಬಿ ಪದಕ್ಕೆ ವಸೂಲಿ ಎಂದರ್ಥ, ಅದಕ್ಕೆ ಫಾರಸಿಯ ‘ದಾರ್’ ಸೇರಿದೆ. ತಾಲ್ಲೂಕು ಎಂಬುದರ ಅರಬ್ಬಿ ಮೂಲ ‘ತಅಲ್ಲುಕ್’, ಅಂದರೆ ಸಂಬಂಧ. ಜಿಲ್ಲೆಯ ಮೂಲವಾದ ಅರಬ್ಬಿ ಪದಕ್ಕೆ ಪಕ್ಕೆಲುಬು, ಮಗ್ಗುಲು ಎಂಬ ಅರ್ಥವಿದೆ. ಎಲ್ಲಕ್ಕಿಂತ ಮಿಗಿಲಾಗಿ, ನಾವೆಲ್ಲ ಅಭಿಮಾನದಿಂದ ಹೇಳುವ ‘ರೈತ’ ಎಂಬ ಪದವೇ ಅರಬ್ಬಿಯ ‘ರಯ್ಯತ್’ನಿಂದ ಬಂದಿದೆ. ಹಿರೇಕೆರೂರಿನ ರೈತನನ್ನು ಯಾರಾದರೂ ಪರಕೀಯ ಎನ್ನಲು ಸಾಧ್ಯವೇ?

ಸಿಪಾಯಿಯ ಬಾಯಲ್ಲಿ

ಇನ್ನು ಈ ಪದ ಇಂಗ್ಲಿಷಿಗೆ ಹೋದ ಬಗೆ ನೋಡೋಣ. ಭಾರತದಲ್ಲಿದ್ದ ಇಂಗ್ಲಿಷ್ ಸಿಪಾಯಿಗಳು ಹೆಚ್ಚಾಗಿ ಬಡ ಮನೆತನದ ಹುಡುಗರು. ಬೆಳಗಾವಿ, ಬೆಂಗಳೂರುಗಳಂಥ ದಂಡು ಪ್ರದೇಶಗಳಲ್ಲಿ ವರ್ಷಗಟ್ಟಲೆ ಇರುತ್ತಿದ್ದರು. ಅಡುಗೆಯವ, ಅಗಸ, ಕುದುರೆ ನೋಡುವವ, ನೀರು ಹೊರುವವ, ದಂಡಿನ ಪೇಟೆಯ ವ್ಯಾಪಾರಿ, ಇವರೊಡನೆ ವ್ಯವಹರಿಸಲು ನಾಲ್ಕಾರು ಹಿಂದುಸ್ತಾನಿ ಪದ ಕಲಿತರು. ಹೀಗೆ ಹೋದ ಪದಗಳು ಬಹಳಷ್ಟಿವೆ. ‘ಖಾಕಿ’ ಎಂದರೆ ಮಣ್ಣಿನ ಬಣ್ಣದ್ದು. ಫಾರಸಿಯ ‘ಖಾಕ್’ ಎಂಬುದಕ್ಕೆ ಧೂಳು ಎಂದರ್ಥ. ‘ಚೀಟಿ’ ಅವರ ಬಾಯಲ್ಲಿ ‘ಚಿಟ್’ ಆಯಿತು. ‘ದೇಖೋ’ ಎಂಬುದು ‘ಡೆಕ್ಕೊ’ ಆಯಿತು. ‘ವಿಲಾಯಿತಿ’ ಎಂಬುದು ‘ಬ್ಲೈಟಿ’ ಆಗಿ, ದೂರದಲ್ಲಿರುವ ಸ್ವದೇಶ ಎಂಬ ಅರ್ಥ ಪಡೆಯಿತು.

ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಎಂಬ ಇಬ್ಬರು ವಿದ್ವಾಂಸರು ಇಂಥ ಪದಗಳನ್ನು ಸಂಗ್ರಹಿಸಿ 1886ರಲ್ಲಿ ಒಂದು ದೊಡ್ಡ ಕೋಶ ಪ್ರಕಟಿಸಿದರು. ಅದರ ಹೆಸರು ‘ಹಾಬ್ಸನ್-ಜಾಬ್ಸನ್’. ಈ ವಿಚಿತ್ರ ಹೆಸರಿನ ಮೂಲ ಕೇಳಿದರೆ ನಿಮಗೆ ಅಚ್ಚರಿಯಾಗುತ್ತದೆ. ಮೊಹರಂ ಮೆರವಣಿಗೆಯ “ಯಾ ಹಸನ್, ಯಾ ಹುಸೇನ್” ಎಂಬ ಕೂಗು ಇಂಗ್ಲಿಷ್ ಸಿಪಾಯಿಗಳ ಕಿವಿಯಲ್ಲಿ ತಿರುಚಿಕೊಂಡು ‘ಹಾಬ್ಸನ್-ಜಾಬ್ಸನ್’ ಆಯಿತು. ನಮ್ಮ ಹಳ್ಳಿಗಳಲ್ಲಿ ಮೊಹರಂ ಬಂದರೆ ಎಲ್ಲ ಜಾತಿಯವರೂ ಪಂಜಾ ಹೊರುತ್ತಾರೆ, ಕನ್ನಡದಲ್ಲೇ ರಿವಾಯತ್ ಪದ ಹಾಡುತ್ತಾರೆ. ರಿವಾಯತ್ ಎಂಬುದೂ ಅರಬ್ಬಿಯದೇ, ನಿರೂಪಣೆ ಎಂದರ್ಥ. ಒಂದೇ ಹಬ್ಬದ ಕೂಗು, ಒಳಗೆ ನಿಂತವನ ಬಾಯಲ್ಲಿ ಪದವಾಯಿತು, ಹೊರಗೆ ನಿಂತು ನೋಡಿದವನ ಬಾಯಲ್ಲಿ ತಮಾಷೆಯ ಹೆಸರಾಯಿತು. ಈ ವ್ಯತ್ಯಾಸವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

‘ಜಲ್ದಿ’ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಸಿದ್ಧಿಗೆ ಬಂದದ್ದು ರುಡ್ಯಾರ್ಡ್ ಕಿಪ್ಲಿಂಗನಿಂದ. 1865ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಆತ ಲಾಹೋರ್, ಅಲಹಾಬಾದ್‌ಗಳಲ್ಲಿ ಪತ್ರಕರ್ತನಾಗಿದ್ದವನು. 1890ರಲ್ಲಿ ಪ್ರಕಟವಾದ ಅವನ ‘ಗಂಗಾ ದೀನ್’ ಎಂಬ ಕವಿತೆಯಲ್ಲಿ ಇಂಗ್ಲಿಷ್ ಸಿಪಾಯಿಯೊಬ್ಬ ದಂಡಿಗೆ ನೀರು ಹೊರುವ ಭಾರತೀಯನನ್ನು ‘ಜಲ್ದಿ’ ಎಂದು ಗದರಿಸುತ್ತಾನೆ, ತಡವಾದರೆ ಹೊಡೆಯುತ್ತೇನೆ ಎಂದು ಬೆದರಿಸುತ್ತಾನೆ. ಅಲ್ಲಿ ಅದು ನಾಮಪದವಾಗಿ ಬಂದಿದೆ.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ, ಭಾರತದಲ್ಲಿ ಪಳಗಿದ ಹಳೆಯ ಸಿಪಾಯಿಗಳಿಂದ ಹೊಸದಾಗಿ ಸೇನೆ ಸೇರಿದ ಲಕ್ಷಾಂತರ ಹುಡುಗರು ಈ ಮಾತುಗಳನ್ನು ಕಲಿತರು. ಭಾರತವನ್ನೇ ಕಾಣದವರ ಬಾಯಲ್ಲೂ ‘ಬ್ಲೈಟಿ’, ‘ಜಿಲ್ಡಿ’ ಬಂದವು. ಸೈನಿಕರ ಆಡುಮಾತಿನಿಂದ ನಿಘಂಟಿನ ಪುಟಕ್ಕೆ ಅದು ಹೀಗೆ ನಡೆದು ಹೋಯಿತು.

ಸ್ವಾತಂತ್ರ್ಯದ ನಂತರ, 1948ರ ಫೆಬ್ರವರಿ 28ರಂದು, ಬ್ರಿಟಿಷ್ ಸೇನೆಯ ಕೊನೆಯ ತುಕಡಿ ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದಿಂದ ಹಡಗು ಹತ್ತಿತು. ಅದಾದ ಒಂಬತ್ತೇ ದಿನಕ್ಕೆ, ಮಾರ್ಚ್ 8ರಂದು, ಸವಣೂರು ಸಂಸ್ಥಾನವೂ ವಿಲೀನವಾಯಿತು. ಸಿಪಾಯಿಗಳು ಹೋದ ಮೇಲೆ ಇಂಗ್ಲಿಷಿನಲ್ಲಿ ‘ಜಿಲ್ಡಿ’ ಕ್ರಮೇಣ ಅಪರೂಪವಾಯಿತು. ನವಾಬರ ಕಾಲ ಮುಗಿದರೂ ಸವಣೂರಿನಲ್ಲಿ ‘ಜಲ್ದಿ’ಗೆ ಏನೂ ಆಗಲಿಲ್ಲ. ಏಕೆ?

ಯಾರು ಯಾರಿಗೆ ಹೇಳಿದರು?

ಈ ‘ಏಕೆ’ಗೆ ಉತ್ತರ ಹುಡುಕುವಾಗಲೇ ನಿಘಂಟು ಓದುವ ಬಗೆ ನನಗೆ ತಿಳಿಯಿತು. ಅರ್ಥ ಒಂದೇ ಇದ್ದರೂ, ಆ ಪದವನ್ನು ಯಾರು ಯಾರಿಗೆ ಹೇಳಿದರು ಎಂಬುದರಿಂದ ಅದರ ಬಾಳು ಬದಲಾಗುತ್ತದೆ.

ಇಂಗ್ಲಿಷಿಗೆ ಈ ಪದ ಹೋದದ್ದು ಆಜ್ಞೆಯಾಗಿ. ಮೇಲಿನವನು ಕೆಳಗಿನವನಿಗೆ ಹೇಳಿದ್ದು ಅದು. ಕಿಪ್ಲಿಂಗನ ಕವಿತೆಯ ನೀರು ಹೊರುವವನನ್ನೇ ನೋಡಿ. ಅವನನ್ನು ‘ಭಿಸ್ತಿ’ ಎಂದು ಕರೆಯುತ್ತಿದ್ದರು. ನಮ್ಮ ಕಡೆ ತೊಗಲಿನ ಚೀಲದಲ್ಲಿ ನೀರು ಹೊರುತ್ತಿದ್ದವರಿಗೆ ಪಖಾಲಿ ಎನ್ನುತ್ತಾರೆ. ಭಿಸ್ತಿ ಎಂಬುದು ಫಾರಸಿಯ ‘ಬಿಹಿಶ್ತಿ’. ಬಿಹಿಶ್ತ್ ಎಂದರೆ ಸ್ವರ್ಗ. ಬಿಹಿಶ್ತಿ ಎಂದರೆ ಸ್ವರ್ಗದವನು. ಬಾಯಾರಿದವರಿಗೆ ನೀರು ಕೊಡುವವನಿಗೆ ನಮ್ಮ ಹಿರಿಯರು ಇಟ್ಟ ಹೆಸರು ಅದು. ಆ ಸ್ವರ್ಗದವನನ್ನೇ ‘ಜಲ್ದಿ’ ಎಂದು ಗದರಿಸಿದಾಗ ಆ ಪದ ಇಂಗ್ಲಿಷಿನಲ್ಲಿ ಅಚ್ಚಾಯಿತು. ಕವಿತೆಯ ಕೊನೆಯಲ್ಲಿ, ಗಾಯಗೊಂಡ ಸಿಪಾಯಿಗೆ ನೀರು ಕುಡಿಸಿ ತಾನು ಗುಂಡಿಗೆ ಬಲಿಯಾದ ಭಿಸ್ತಿಯೇ ತನಗಿಂತ ಉತ್ತಮನೆಂದು ಆ ಸಿಪಾಯಿ ಒಪ್ಪಿಕೊಳ್ಳುತ್ತಾನೆ ಎಂಬುದನ್ನೂ ಹೇಳಲೇಬೇಕು. ಆದರೆ ಅಷ್ಟರಲ್ಲಿ ತಡವಾಗಿತ್ತು.

ನಮ್ಮಲ್ಲಿ ಹಾಗಲ್ಲ. ಇಲ್ಲಿಯೂ ಅದು ದಂಡು, ಕಚೇರಿಗಳ ಮೂಲಕ ಬಂದಿರಬಹುದು, ಆಳುವವರ ಮಾತಾಗಿಯೇ ಬಂದಿರಬಹುದು. ಆದರೆ ಬಂದ ಮೇಲೆ ಅದು ಅಡುಗೆಮನೆಗೆ ಹೋಯಿತು, ಹೊಲಕ್ಕೆ ಹೋಯಿತು, ತೊಟ್ಟಿಲ ಬಳಿಗೆ ಹೋಯಿತು. ತಾಯಿ ಮಗನಿಗೆ ಹೇಳಿದಳು, ಗೆಳೆಯ ಗೆಳೆಯನಿಗೆ ಹೇಳಿದ. ರೋಗಿಯನ್ನು ನೋಡಿ ಬಂದವರು “ಜಲ್ದಿ ಆರಾಮ ಆಗ್ರಿ” ಎಂದು ಹಾರೈಸಿದರು. ಸಮಾನರ ನಡುವೆ ಓಡಾಡಿದ ಪದಕ್ಕೆ ಬೇರು ಇಳಿಯುತ್ತದೆ. ಅಪ್ಪಣೆಗೆ ಮಾತ್ರ ಬಳಸಿದ ಪದ ಅಪ್ಪಣೆ ಮಾಡುವವನು ಹೋದೊಡನೆ ಒಣಗುತ್ತದೆ. ಸವಣೂರಿನಲ್ಲಿ ‘ಜಲ್ದಿ’ ಉಳಿದದ್ದು ನವಾಬರಿಂದಲ್ಲ, ನೆರೆಹೊರೆಯವರಿಂದ.

ಈ ನೆರೆಹೊರೆಯ ಬಾಳಿಗೆ ಶಿಗ್ಗಾವಿ ತಾಲ್ಲೂಕಿನ ಶಿಶುನಾಳ ಶರೀಫರಿಗಿಂತ ದೊಡ್ಡ ಸಾಕ್ಷಿ ಬೇಕೆ? 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫ ಸಾಹೇಬರು ಕಳಸದ ಗೋವಿಂದ ಭಟ್ಟರ ಶಿಷ್ಯರು. ಅವರ ತತ್ವಪದಗಳಲ್ಲಿ ಧಾರವಾಡದ ಆಡುಗನ್ನಡದ ಜೊತೆ ಉರ್ದು ಪದಗಳೂ ಸಂಕೋಚವಿಲ್ಲದೆ ಬಂದು ಕೂಡುತ್ತವೆ. ಇಂದು ಆ ಪದಗಳನ್ನು ಹಾಡುವವರು ಯಾರೂ ‘ಇದು ನಮ್ಮ ಪದ, ಅದು ಅವರ ಪದ’ ಎಂದು ಬೇರ್ಪಡಿಸಿ ಹಾಡುವುದಿಲ್ಲ.

ಶುದ್ಧ, ಅಶುದ್ಧ

“ಹಾಗಾದರೆ ‘ಜಲ್ದಿ’ ತೆಗೆದು ಅಚ್ಚಗನ್ನಡದ ‘ಬೇಗ’ ಎಂದು ಬರೆದರೆ ತಪ್ಪೇನು?” ಎಂದು ನೀವು ಕೇಳಬಹುದು. ತಪ್ಪೇನಿಲ್ಲ, ಚೆಂದದ ಪದ ಅದು. ಆದರೆ ‘ಬೇಗ’ ಎಂಬುದು ಸಂಸ್ಕೃತದ ‘ವೇಗ’ದ ತದ್ಭವ. ನಮ್ಮ ಕಡೆಯ ‘ಲಗೂ’ ಎಂಬುದು ಸಂಸ್ಕೃತದ ‘ಲಘು’ವಿನಿಂದ ಬಂದದ್ದು. ‘ದೌಡ ಬಾ’ ಎನ್ನುವಾಗಿನ ದೌಡು, ಹಿಂದಿ ಮರಾಠಿಗಳಲ್ಲಿ ಓಟ ಎಂಬ ಅರ್ಥವುಳ್ಳ ಪದ. ‘ತಾಬಡತೋಬ’ ಮರಾಠಿಯದು. ‘ಒಡನೆ’ ಎಂಬುದು ಕನ್ನಡದ್ದೇ. ನೋಡಿ, ಅವಸರ ಎಂಬ ಒಂದೇ ಭಾವಕ್ಕೆ ನಮ್ಮ ಜನ ಎಷ್ಟು ಬಾಗಿಲುಗಳನ್ನು ತೆರೆದಿಟ್ಟುಕೊಂಡಿದ್ದಾರೆ! ಇದು ಭಾಷೆಯ ಬಡತನವಲ್ಲ, ಸಿರಿತನ.

ಸವಣೂರಿನ ಕಲ್ಮಠದ ಆವರಣದ ದೊಡ್ಡಹುಣಸೆ ಮರಗಳನ್ನು ನೀವು ನೋಡಿರಬಹುದು. ಹತ್ತಾರು ಜನ ಕೈಹಿಡಿದು ನಿಂತರೆ ಮಾತ್ರ ಬಳಸಬಹುದಾದ ಕಾಂಡ. ಅವು ಹುಣಸೆಯಲ್ಲ, ಬಾವೊಬಾಬ್ ಎಂಬ ಜಾತಿಯವು. ಅವುಗಳ ತವರು ಆಫ್ರಿಕಾ. ಯಾರೋ ಎಂದೋ ಬೀಜ ತಂದರು, ಮಣ್ಣು ಒಪ್ಪಿತು, ಮರ ಬೆಳೆಯಿತು. ಊರಿನವರು ಅದಕ್ಕೆ ತಮ್ಮದೇ ಹೆಸರಿಟ್ಟರು. ಇಂದು ಸವಣೂರಿನ ಹೆಮ್ಮೆ ಎಂದರೆ ಆ ಮರಗಳೇ. ಪದಗಳ ಬಾಳೂ ಹೀಗೆಯೇ.

ಆದರೆ ಇದರ ಅರ್ಥ ಪರೀಕ್ಷೆಯಲ್ಲಿ ಏನು ಬೇಕಾದರೂ ಬರೆಯಬಹುದು ಎಂದಲ್ಲ. ಎಲ್ಲಿ ಯಾವ ಮಾತು ಹೊಂದುತ್ತದೆ ಎಂಬ ವಿವೇಕವೂ ವಿದ್ಯೆಯೇ. ಪ್ರಬಂಧಕ್ಕೆ ಗ್ರಂಥಸ್ಥ ಕನ್ನಡ ಬೇಕು, ಅರ್ಜಿಗೆ ಅರ್ಜಿಯ ಭಾಷೆ ಬೇಕು, ಇಂಗ್ಲಿಷ್ ಉತ್ತರಪತ್ರಿಕೆಯಲ್ಲಿ ‘ಜಿಲ್ಡಿ’ ಎಂದು ಬರೆದರೆ ಅಂಕ ಸಿಗುವುದಿಲ್ಲ. ನನ್ನ ಗುರುಗಳು ಪದವನ್ನು ತಿದ್ದಿದ್ದು ಸರಿಯೇ ಇರಬಹುದು. ‘ಇದು ಕನ್ನಡವಲ್ಲ’ ಎಂದದ್ದು ಮಾತ್ರ ಸರಿಯಲ್ಲ. ‘ಇಲ್ಲಿ ಬೇರೆ ಪದ ಬಳಸು’ ಎಂದಿದ್ದರೆ ಒಂದು ಮಗುವಿನ ಅಳುಕು ಅಲ್ಲಿಗೇ ನಿಲ್ಲುತ್ತಿತ್ತು. ಶಿಕ್ಷಕ ಬಾಂಧವರು ದಯವಿಟ್ಟು ಇದನ್ನು ಗಮನಿಸಬೇಕು. ಮಗುವಿನ ಮನೆಮಾತನ್ನು ಹೀಗಳೆದು ಯಾವ ಭಾಷೆಯನ್ನೂ ಕಲಿಸಲಾಗುವುದಿಲ್ಲ.

ಈ ಮಾತಿಗೆ ಸವಣೂರೇ ಒಂದು ಉದಾಹರಣೆ ಕೊಟ್ಟಿದೆ. 1909ರಲ್ಲಿ ಆ ನವಾಬರ ಊರಿನಲ್ಲಿ ಹುಟ್ಟಿ, ಅಲ್ಲಿಯ ಮಜೀದ್ ಹೈಸ್ಕೂಲಿನಲ್ಲಿ ಓದಿದ ಬಾಲಕನೊಬ್ಬ ಧಾರವಾಡದ ಕರ್ನಾಟಕ ಕಾಲೇಜಿಗೆ ಹೋದ, ಅಲ್ಲಿಂದ ಆಕ್ಸ್‌ಫರ್ಡ್‌ಗೆ ಹೋದ, ಇಂಗ್ಲಿಷ್ ಪ್ರಾಧ್ಯಾಪಕನಾದ, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕನಾದ. ಅವರೇ ವಿನಾಯಕ ಕೃಷ್ಣ ಗೋಕಾಕರು. 1981ರಲ್ಲಿ ಕನ್ನಡಕ್ಕೆ ಶಾಲೆಗಳಲ್ಲಿ ಅಗ್ರಸ್ಥಾನ ಸಿಗಬೇಕೆಂದು ವರದಿ ಕೊಟ್ಟವರೂ, 1990ರ ಜ್ಞಾನಪೀಠ ಪ್ರಶಸ್ತಿ ಪಡೆದವರೂ ಅವರೇ. ಉರ್ದು, ಕನ್ನಡ, ಮರಾಠಿಗಳು ಒಂದೇ ಬೀದಿಯಲ್ಲಿ ಓಡಾಡುವ ಊರಿನಲ್ಲಿ ಬೆಳೆದದ್ದು ಅವರ ಇಂಗ್ಲಿಷಿಗೂ ಅಡ್ಡಿಯಾಗಲಿಲ್ಲ, ಕನ್ನಡಕ್ಕೂ ಅಡ್ಡಿಯಾಗಲಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸ

ವಿದ್ಯಾರ್ಥಿ ಮಿತ್ರರೇ, ಲೇಖನ ಮುಗಿಸುವ ಮೊದಲು ಒಂದು ಕೆಲಸ ಕೊಡುತ್ತೇನೆ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮ ಮನೆಯಲ್ಲಿ, ಪೇಟೆಯಲ್ಲಿ ಕೇಳುವ ಇಪ್ಪತ್ತು ಪದಗಳನ್ನು ಬರೆಯಿರಿ. ಹಮೇಶಾ, ಬಿಲ್ಕುಲ್, ಬರೋಬ್ಬರಿ, ಜರೂರ, ಏಕದಮ್, ಕಾಯಂ, ಹೀಗೆ. ಪ್ರತಿ ಪದದ ಮುಂದೆ ಮೂರು ಸಂಗತಿ ಬರೆಯಿರಿ: ಅದರ ಅರ್ಥವೇನು, ನಿಘಂಟು ಅದಕ್ಕೆ ಯಾವ ಮೂಲ ಹೇಳುತ್ತದೆ, ನಿಮ್ಮ ಊರಿನಲ್ಲಿ ಅದನ್ನು ಯಾರು ಯಾರಿಗೆ ಹೇಳುತ್ತಾರೆ. ಮೊದಲ ಎರಡಕ್ಕೆ ಗ್ರಂಥಾಲಯಕ್ಕೆ ಹೋಗಿ. 1894ರಲ್ಲಿ ಪ್ರಕಟವಾದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅನ್ಯಭಾಷೆಯ ಪದಗಳನ್ನು ಗುರುತು ಹಾಕಿ ತೋರಿಸುತ್ತದೆ. ಅದನ್ನು ತೆರೆದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೂರನೆಯದಕ್ಕೆ ದಾದಾ, ದಾದಿಯವರ ಬಳಿ ಕುಳಿತುಕೊಳ್ಳಿ, ಪಕ್ಕದ ಮನೆಯ ಅಜ್ಜನ ಬಳಿಯೂ ಕುಳಿತುಕೊಳ್ಳಿ. ಇತಿಹಾಸ ಎಂದರೆ ರಾಜರ ಹೆಸರು, ಯುದ್ಧದ ಇಸವಿ ಮಾತ್ರವಲ್ಲ ಎಂಬುದು ಆ ನೋಟ್‌ಬುಕ್ಕಿನಿಂದ ನಿಮಗೇ ತಿಳಿಯುತ್ತದೆ.

ಕೊನೆಯದಾಗಿ ಒಂದು ಮಾತು ನಮಗೆಲ್ಲರಿಗೂ, ಹಿರಿಯರಿಗೂ ಸೇರಿಸಿ. ಇಂಗ್ಲಿಷ್ ಸಿಪಾಯಿಯ ‘ಜಿಲ್ಡಿ’ಯನ್ನು ನೆನೆದು ಅವನನ್ನು ದೂರುವುದು ಸುಲಭ. ಆದರೆ ನಾವು ಹೋಟೆಲಿನಲ್ಲಿ ಕುಳಿತು ಚಹಾ ತರುವ ಹುಡುಗನಿಗೆ, ನಿಲ್ದಾಣದಲ್ಲಿ ಮೂಟೆ ಹೊರುವ ಹಮಾಲನಿಗೆ, ಮನೆಗೆಲಸದ ಹೆಣ್ಣುಮಗಳಿಗೆ ‘ಜಲ್ದಿ’ ಎನ್ನುವಾಗ ನಮ್ಮ ಧ್ವನಿ ಯಾವುದು? ಮಗನನ್ನು ಊಟಕ್ಕೆ ಕರೆಯುವ ತಾಯಿಯದೋ, ಭಿಸ್ತಿಯನ್ನು ಗದರಿಸಿದ ಸಿಪಾಯಿಯದೋ? ಪದ ಅದೇ. ಮುಂದೆ ಅದರ ಅರ್ಥ ಏನಾಗಬೇಕು ಎಂಬುದು ಮಾತ್ರ ಅದನ್ನು ಆಡುವ ನಮ್ಮ ಮೇಲಿದೆ.